ಮುಖ ನೋಡಿ ಬರೆದ ವಂಶವೃಕ್ಷ

– ಇಷ್ಟೆಲ್ಲ ಓದಿ ಕೊನೆಗೆ ಬಾವಲಿ ಹಿಂದೆ ಬಿದ್ದೆಯಲ್ಲ, ಅದರಲ್ಲಿ ತಲೆ ಕೆಡಿಸಿಕೊಳ್ಳೋಕೆ ಏನಿದೆ ಅಂತ ನನಗಂತೂ ಗೊತ್ತಾಗಲ್ಲ. ಇರೋದೇ ಎರಡು ಜಾತಿ. ತೋಟಕ್ಕೆ ಬಂದು ಹಣ್ಣಡಿಕೆ ಚೀಪಿ ಬಿಸಾಡೋ ದೊಡ್ಡದು ಒಂದು, ಸಂಜೆ ಲೈಟಿನ ಸುತ್ತ ಹುಳ ಹಿಡಿಯೋ ಸಣ್ಣದು ಒಂದು. ಆಯ್ತಲ್ಲ?

– ಆಯ್ತು ಅಂತಲೇ ಜಗತ್ತು ನೂರಿಪ್ಪತ್ತು ವರ್ಷ ನಂಬಿಕೊಂಡಿತ್ತು ಚಿಕ್ಕಪ್ಪ. 1875ರಲ್ಲಿ ಜಾರ್ಜ್ ಡಾಬ್ಸನ್ ಅನ್ನೋ ಐರಿಷ್ ಸೇನಾ ವೈದ್ಯ ನೀವು ಹೇಳಿದ ಹಾಗೇ ಎರಡು ಪಾಲು ಮಾಡಿದ. ದೊಡ್ಡವು ಮೆಗಾಕೈರಾಪ್ಟೆರಾ, ಸಣ್ಣವು ಮೈಕ್ರೋಕೈರಾಪ್ಟೆರಾ. ಆತ ಭಾರತದಲ್ಲೂ ಕೆಲಸ ಮಾಡಿದವ, ಇಲ್ಲಿಯ ಬಾವಲಿಗಳನ್ನ ಚೆನ್ನಾಗಿ ಬಲ್ಲವ. ನಮ್ಮ ಪಠ್ಯದಲ್ಲೂ ಅದೇ ಇತ್ತು.

– ಸರಿಯಾಗೇ ಹೇಳಿದೆ ಅನ್ನು.

– ಸರಿ ಅನ್ನಿಸೋಕೆ ಕಾರಣ ಇತ್ತು. ಹಣ್ಣಿನ ಬಾವಲಿಯದು ನಾಯಿ ಮೂತಿ, ದೊಡ್ಡ ಕಣ್ಣು, ಸಾದಾ ಕಿವಿ. ಹೆಬ್ಬೆರಳಿನ ಜೊತೆಗೆ ಎರಡನೇ ಬೆರಳಿಗೂ ಸಾಮಾನ್ಯವಾಗಿ ಉಗುರು ಇರುತ್ತೆ. ಬಾಲ ಇಲ್ಲ, ಇದ್ದರೂ ಮೋಟು. ಹುಳ ತಿನ್ನೋವಕ್ಕೆ ಕಣ್ಣು ಚಿಕ್ಕದು, ಕಿವಿ ಚಿತ್ರವಿಚಿತ್ರ, ಎರಡನೇ ಬೆರಳಿಗೆ ಉಗುರಿಲ್ಲ, ಕೆಲವಕ್ಕೆ ಮೂಗಿನ ಮೇಲೆ ಮಡಿಕೆ ಮಡಿಕೆಯಾದ ಚರ್ಮದ ಎಲೆ. ಇವು ಗಂಟಲಿನಿಂದ ನಮಗೆ ಕೇಳದಷ್ಟು ಕೀರಲು ದನಿ ಹೊರಡಿಸಿ ಅದರ ಪ್ರತಿಧ್ವನಿಯಲ್ಲಿ ದಾರಿ ಹುಡುಕುತ್ತವೆ. ಹಣ್ಣಿನವು ಕಣ್ಣು, ಮೂಗು ನಂಬಿ ಹಾರುತ್ತವೆ. ಇಷ್ಟು ವ್ಯತ್ಯಾಸ ಕಣ್ಣೆದುರಿಗಿದ್ದರೆ ಯಾರಾದರೂ ಎರಡು ಮನೆತನ ಅಂತಲೇ ಬರೆದುಕೊಳ್ತಾರೆ. ಡಾಬ್ಸನ್‌ಗಿಂತ ಹಿಂದಿನವರು ಇನ್ನೂ ದೂರ ಹೋಗಿದ್ದರು. 1758ರಲ್ಲಿ ಲಿನೇಯಸ್ ಬಾವಲಿಗಳನ್ನ ಸೇರಿಸಿದ್ದು ಯಾರ ಜೊತೆಗೆ ಗೊತ್ತಾ? ಮನುಷ್ಯ, ಮಂಗ ಇರೋ ಗುಂಪಿಗೆ.

– ನಮ್ಮ ಜೊತೆಗಾ?

– ನಮ್ಮ ಜೊತೆಗೇ. ಎದೆಯ ಮೇಲೆ ಎರಡು ಮೊಲೆ ಇವೆಯಲ್ಲ, ಅದು ಆತನಿಗೆ ದೊಡ್ಡ ಸಾಕ್ಷಿ. 1779ರಲ್ಲಿ ಬ್ಲೂಮೆನ್‌ಬಾಖ್ ಬಂದು ಕೈರಾಪ್ಟೆರಾ ಅಂತ ಬೇರೆ ಗಣ ಮಾಡಿಕೊಡೋ ತನಕ ಬಾವಲಿಗಳು ನಮ್ಮ ಮನೆಯಲ್ಲೇ ಇದ್ದವು.

– ಸರ್ವೀಸಿನಲ್ಲಿ ನಾನು ಬರೆದ ವಂಶವೃಕ್ಷಗಳಿಗೆ ಲೆಕ್ಕ ಇಲ್ಲ. ಒಂದು ಸಲವೂ ಮುಖ ನೋಡಿ ಬರೆದಿಲ್ಲ. ಹಳೇ ಪಹಣಿ, ಜನನ ಮರಣದ ರಿಜಿಸ್ಟರು, ಊರಿನ ನಾಲ್ಕು ಹಿರಿಯರ ಹೇಳಿಕೆ, ಆಮೇಲೆ ಪಂಚನಾಮೆ. ಮುಖ ನೋಡಿ ಬರೆದಿದ್ದರೆ ಅರ್ಧ ಹೋಬಳಿ ನಮ್ಮ ಆಫೀಸಿನ ಅಟೆಂಡರನಿಗೆ ದಾಯಾದಿ ಆಗ್ತಿತ್ತು.

– ಬಾವಲಿಗಳ ರಿಜಿಸ್ಟರು ತೆರೆದಿದ್ದು 2000ದ ಆಸುಪಾಸಿನಲ್ಲಿ. ಎಮ್ಮಾ ಟೀಲಿಂಗ್ ಮತ್ತು ಜೊತೆಯವರು ಬೇರೆ ಬೇರೆ ಕುಟುಂಬದ ಬಾವಲಿಗಳ ಡಿಎನ್‌ಎ ಹೋಲಿಸಿದರು. ಡಾಬ್ಸನ್ ಎಳೆದ ಗೆರೆ ಅಳಿಸಿಹೋಯ್ತು. ಹಣ್ಣಿನ ಬಾವಲಿಗಳು, ಕುದುರೆಲಾಳದ ಬಾವಲಿಗಳು, ಎಲೆಮೂಗಿನ ಬಾವಲಿಗಳು, ಇವೆಲ್ಲ ಒಂದೇ ಕವಲು. ಮಿಕ್ಕ ಸಣ್ಣ ಬಾವಲಿಗಳಲ್ಲಿ ಬಹುಪಾಲು ಇನ್ನೊಂದು ಕವಲು. ಮೊದಲನೆಯದು ಯಿನ್‌ಟೆರೋಕೈರಾಪ್ಟೆರಾ, ಎರಡನೆಯದು ಯಾಂಗೋಕೈರಾಪ್ಟೆರಾ.

– ಹೆಸರು ಹೇಳಿ ಮುಗಿಸೋಷ್ಟರಲ್ಲಿ ಬಾವಲಿ ಹಾರಿಹೋಗಿರುತ್ತೆ.

– ಯಿನ್, ಯಾಂಗ್ ಅನ್ನಿ, ಸಾಕು. ನಮ್ಮ ಮನೆ ಹಂಚಿನ ಸಂದಿಯಿಂದ ಸಂಜೆ ಹೊರಬೀಳುತ್ತಲ್ಲ ಪಿಪಿಸ್ಟ್ರೆಲ್, ಅದು ಯಾಂಗ್. ಪಾಳು ದೇವಸ್ಥಾನದ ಕತ್ತಲಲ್ಲಿ ನೇತಾಡೋ ಎಲೆಮೂಗಿನದು ಯಿನ್. ಎರಡೂ ಅಂಗೈಯಲ್ಲಿ ಹಿಡಿಸ್ತವೆ, ಎರಡೂ ಹುಳ ತಿಂತವೆ, ಎರಡೂ ಕೂಗಿ ದಾರಿ ಹುಡುಕ್ತವೆ. ಅಷ್ಟಾದರೂ ಎಲೆಮೂಗಿನದಕ್ಕೆ ಹತ್ತಿರದ ನೆಂಟ ಪಿಪಿಸ್ಟ್ರೆಲ್ ಅಲ್ಲ. ಆಲದ ಮರದಲ್ಲಿ ಜೋತುಬಿದ್ದಿರೋ, ಒಂದು ಕಿಲೋ ದಾಟೋ ದೊಡ್ಡ ಬಾವಲಿ. ಥಾಯ್ಲೆಂಡಿನಲ್ಲಿ 2 ಗ್ರಾಂ ತೂಗೋ ಒಂದು ಬಾವಲಿ ಇದೆ, ಜಗತ್ತಿನಲ್ಲೇ ಅತಿ ಚಿಕ್ಕದು. ಅದೂ ಯಿನ್. ಈ ಎರಡು ಮನೆ ಬೇರೆಯಾಗಿ ಸುಮಾರು 6 ಕೋಟಿ ವರ್ಷ ಆಗಿದೆ.

– ನಂಬೋದು ಕಷ್ಟ ಬಿಡು. ಕಣ್ಣಿಗೆ ಕಾಣೋದನ್ನ ಬಿಟ್ಟು ಯಾವುದೋ ಟ್ಯೂಬಿನಲ್ಲಿರೋ ನೀರು ಹೇಳಿದ್ದನ್ನ ನಂಬಬೇಕಾ?

– ಹೊರಗಿನ ರೂಪ ಬೇಡ, ಒಳಗೇ ಹೊಕ್ಕು ನೋಡೋಣ ಅಂತ ಹೊರಟವನೂ ಎಡವಿದ ಚಿಕ್ಕಪ್ಪ. ಜಾನ್ ಪೆಟಿಗ್ರೂ ಅಂತ, ಆಸ್ಟ್ರೇಲಿಯಾದ ನರವಿಜ್ಞಾನಿ. 1986ರಲ್ಲಿ ಆತ ಹಣ್ಣಿನ ಬಾವಲಿಯ ಕಣ್ಣಿನಿಂದ ನಡುಮಿದುಳಿಗೆ ಹೋಗೋ ನರಗಳ ಜೋಡಣೆ ನೋಡಿದ. ಅದು ಹುಳ ತಿನ್ನೋ ಬಾವಲಿಗಳಲ್ಲಿ ಇರೋ ಹಾಗೆ ಇರಲಿಲ್ಲ, ಮಂಗಗಳಲ್ಲಿ ಇರೋ ಹಾಗಿತ್ತು. ಹಾಗಾದರೆ ಹಣ್ಣಿನ ಬಾವಲಿ ನಮ್ಮ ಕಡೆಯದು, ಹಾರೋ ಮಂಗ, ರೆಕ್ಕೆ ಎರಡು ಸಲ ಬೇರೆ ಬೇರೆಯಾಗಿ ಹುಟ್ಟಿದೆ ಅಂದ. ದೊಡ್ಡ ಜಗಳವೇ ಆಯ್ತು.

– ಲಿನೇಯಸ್ ಮೊಲೆ ನೋಡಿ ಹೇಳಿದ್ದನ್ನ ಇವನು ಮಿದುಳು ನೋಡಿ ಹೇಳಿದ.

– ಅದೇ. ನನಗೆ ಆ ಮನುಷ್ಯನ ಬಗ್ಗೆ ಗೌರವ ಇದೆ. ಆತ ಕಂಡ ನರಗಳ ಜೋಡಣೆ ಸುಳ್ಳಲ್ಲ, ಅದರಿಂದ ಕಟ್ಟಿದ ನೆಂಟಸ್ತಿಕೆ ಮಾತ್ರ ನಿಲ್ಲಲಿಲ್ಲ. ಮುಂದೆ ಡಿಎನ್‌ಎ ನೋಡಿದಾಗ ದೊಡ್ಡವೂ ಚಿಕ್ಕವೂ ಒಂದೇ ಮೂಲದವು ಅಂತ ಮೇಲಿಂದ ಮೇಲೆ ಗೊತ್ತಾಯ್ತು. ಅಷ್ಟೇ ಅಲ್ಲ, ಬಾವಲಿಗಳು ಮಂಗದ ಕಡೆಯವೂ ಅಲ್ಲ, ಇಲಿಯ ಕಡೆಯವೂ ಅಲ್ಲ. ಹಸು, ಕುದುರೆ, ನಾಯಿ, ಚಿಪ್ಪುಹಂದಿ ಇರೋ ದೊಡ್ಡ ಗುಂಪಿನವು.

– ಹಸುವಿನ ಕಡೆಯದ್ದಾ! ಇದನ್ನ ನಿನ್ನ ಚಿಕ್ಕಮ್ಮನ ಎದುರು ಹೇಳಬೇಡ, ಕೊಟ್ಟಿಗೆಗೆ ಹೋಗೋದು ಬಿಟ್ಟಾಳು. ಅಲ್ಲ, ನನಗೆ ಇದು ಹೇಳು. ಕಿವಿ ನೋಡಿ ಹೇಳಿದರೂ ತಪ್ಪು, ಮೊಲೆ ನೋಡಿದರೂ ತಪ್ಪು, ಮಿದುಳು ನೋಡಿದರೂ ತಪ್ಪು. ಹಾಗಾದರೆ ಮೈಯಲ್ಲಿ ಕಾಣೋದಕ್ಕೆ ಬೆಲೆಯೇ ಇಲ್ವಾ?

– ಬೆಲೆ ಇದೆ. ಆದರೆ ಮೈ ಹೇಳೋದು ಬಹುಪಾಲು ಕಸುಬಿನ ಕಥೆ. ಯಾವ ಬಾವಲಿ ಎಲ್ಲಿ ಹೊಟ್ಟೆ ಹೊರೆಯುತ್ತೆ, ಏನು ತಿನ್ನುತ್ತೆ, ಎಲ್ಲಿ ಮಲಗುತ್ತೆ, ಅದೆಲ್ಲ ಮೈಮೇಲೆ ಬರೆದಿರುತ್ತೆ. ಯಾರಿಗೆ ಹುಟ್ಟಿದ್ದು ಅನ್ನೋದು ಅಷ್ಟು ಸುಲಭವಾಗಿ ಬರೆದಿರಲ್ಲ. ಮಯೋಟಿಸ್ ಅಂತ ಒಂದು ಕುಲ ಇದೆ, ಜಗತ್ತಿನ ತುಂಬ ಹರಡಿಕೊಂಡಿದೆ. ಅದರಲ್ಲಿ ಮೂರು ಥರದ ಜೀವನ. ಕೆಲವು ಕೆರೆ, ಹೊಳೆಯ ನೀರಿಗೆ ಹೊಟ್ಟೆ ತಾಗೋ ಹಾಗೆ ಹಾರ್ತಾ ಮೇಲಿನ ಹುಳಗಳನ್ನ ಹಿಂಗಾಲಿನಿಂದ ಬಾಚಿಕೊಳ್ತವೆ. ಅವಕ್ಕೆ ದೊಡ್ಡ ಪಾದ. ಕೆಲವು ಗಾಳಿಯಲ್ಲೇ ಹುಳ ಹಿಡೀತವೆ, ಸಣ್ಣ ಪಾದ, ಗಿಡ್ಡ ಕಿವಿ. ಇನ್ನು ಕೆಲವು ನೆಲದಿಂದಲೋ ಎಲೆಯಿಂದಲೋ ಹುಳ ಹೆಕ್ತವೆ, ಮೈ ದೊಡ್ಡದು, ಕಿವಿ ಉದ್ದ. ಹಳಬರು ಇವನ್ನ ಮೂರು ಉಪಕುಲ ಮಾಡಿ, ಮೂರಕ್ಕೂ ಹೆಸರಿಟ್ಟು ಕಪಾಟಿನಲ್ಲಿ ಜೋಡಿಸಿದ್ದರು. ನೋಡೋಕೆ ಚಂದ. ಯುರೋಪಿನ ದೊಡ್ಡ ಪಾದದ್ದರ ಪಕ್ಕ ಅಮೆರಿಕದ ದೊಡ್ಡ ಪಾದದ್ದು.

– ಒಂದೇ ಕಸುಬಿನವರು, ಹಾಗಾಗಿ ಒಂದೇ ಕುಲ ಅಂತ.

– ಹೌದು. 2001ರಲ್ಲಿ ರೂಡಿ ಮತ್ತು ಮೇಯರ್ ಇಬ್ಬರೂ ಡಿಎನ್‌ಎ ನೋಡಿದರೆ ಆ ಮೂರೂ ಉಪಕುಲಗಳು ಚೂರು ಚೂರು. ಅಮೆರಿಕದಲ್ಲಿರೋವು ಅಮೆರಿಕದವಕ್ಕೇ ನೆಂಟರು. ಪಾದ ದೊಡ್ಡದಿರಲಿ, ಚಿಕ್ಕದಿರಲಿ. ನೀರಿನ ಮೇಲೆ ಬೇಟೆಯಾಡೋ ಕಸುಬಿಗೆ ಎಲ್ಲೆಲ್ಲಿ ಇಳಿದವೋ ಅಲ್ಲಲ್ಲಿ ಪಾದ ಬೇರೆಯಾಗಿಯೇ ದೊಡ್ಡದಾಗಿದೆ. ನನಗೆ ಈ ಒಂದು ಉದಾಹರಣೆ ಸಾಕು. ಆದರೆ ಬಾವಲಿಗಳು ಇದನ್ನ ಮತ್ತೆ ಮತ್ತೆ ಮಾಡಿವೆ. ದಕ್ಷಿಣ ಅಮೆರಿಕದ ಒಂದು ಬಾವಲಿ, ಮಡಗಾಸ್ಕರಿನ ಒಂದು ಬಾವಲಿ, ಎರಡಕ್ಕೂ ಮಣಿಕಟ್ಟಿನಲ್ಲಿ, ಹಿಮ್ಮಡಿಯಲ್ಲಿ ಅಂಟಿಕೊಳ್ಳೋ ಬಿಲ್ಲೆ ಇವೆ. ನುಣ್ಣನೆ ಎಲೆಯ ಮೇಲೆ ತಲೆ ಮೇಲೆ ಮಾಡಿ ಕೂರ್ತವೆ.

– ತಲೆ ಮೇಲೆ ಮಾಡೋ ಬಾವಲಿಯೂ ಇದೆಯಾ?

– ಇದೆ. ಎರಡೂ ಹತ್ತಿರದ ನೆಂಟರಲ್ಲ. ಪರೀಕ್ಷಿಸಿ ನೋಡಿದರೆ ಅಂಟೋ ರೀತಿಯೂ ಬೇರೆ. ಅಮೆರಿಕದ್ದು ಗಾಳಿ ಹೀರಿ ಹಿಡಿಯುತ್ತೆ, ಮಡಗಾಸ್ಕರಿನದು ಒದ್ದೆ ಚರ್ಮದಿಂದ ಅಂಟುತ್ತೆ. ಮೂಗಿನ ಎಲೆಯದೂ ಅದೇ ಕಥೆ, ಇಲ್ಲಿಯ ಎಲೆಮೂಗು ಯಿನ್, ಅಮೆರಿಕದ ಎಲೆಮೂಗು ಯಾಂಗ್. ಇನ್ನೊಂದು ಇದೆ, ಹೇಳದೇ ಇರೋಕಾಗಲ್ಲ. ಎಕ್ವಡಾರಿನ ಕಾಡಿನಲ್ಲಿ ಅನೋರಾ ಫಿಸ್ಟುಲಾಟಾ ಅಂತ ಮಕರಂದ ಕುಡಿಯೋ ಬಾವಲಿ. ಮೈ ಐದಾರು ಸೆಂಟಿಮೀಟರ್, ನಾಲಿಗೆ ಎಂಟೂವರೆ ಸೆಂಟಿಮೀಟರ್.

– ಬಾಯೊಳಗೆ ಎಲ್ಲಿ ಇಟ್ಟುಕೊಳ್ಳುತ್ತೆ?

– ಬಾಯೊಳಗಲ್ಲ, ಎದೆಗೂಡಿನೊಳಗೆ. ನಾಲಿಗೆಯ ಬುಡ ಪಕ್ಕೆಲುಬುಗಳ ನಡುವೆ ಇದೆ. ಆ ಕಾಡಿನಲ್ಲಿ ಅಷ್ಟೇ ಉದ್ದದ ಕೊಳವೆ ಹೂವು ಒಂದಿದೆ, ಅದರ ಪರಾಗ ಹೊರೋದು ಈ ಬಾವಲಿಯೇ. ಎದೆಯೊಳಗೆ ನಾಲಿಗೆ ಇಟ್ಟುಕೊಂಡ ಇನ್ನೊಂದು ಪ್ರಾಣಿ ನಮ್ಮ ಕಾಡಿನ ಚಿಪ್ಪುಹಂದಿ. ಒಂದು ಹೂವಿಗಾಗಿ, ಇನ್ನೊಂದು ಇರುವೆಗಾಗಿ.

– ಸರಿ ಮಾರಾಯ್ತಿ, ಒಪ್ಪಿದೆ. ಪಾದ, ಮೂಗು, ನಾಲಿಗೆ ಎಲ್ಲ ಕಸುಬಿನವು. ಹಾಗಾದರೆ ರೆಕ್ಕೆಯೂ ಕಸುಬೇ ಅಲ್ವಾ? ಅದು ಎರಡು ಸಲ ಹುಟ್ಟಿಲ್ಲ ಅಂತ ಅದ್ಯಾವ ಧೈರ್ಯದ ಮೇಲೆ ಹೇಳ್ತೀರಿ?

– ಕನ್ನಡಕ ಹಾಕಿಕೊಳ್ಳಿ, ಈ ಫೋಟೊ ನೋಡಿ. ಬಲೆಗೆ ಬಿದ್ದ ಗಿಡ್ಡಮೂತಿ ಹಣ್ಣಿನ ಬಾವಲಿ. ರೆಕ್ಕೆ ಬಿಡಿಸಿ ಹಿಂದಿನಿಂದ ಟಾರ್ಚ್ ಹಿಡಿದು ತೆಗೆದಿದ್ದು.

– ರಕ್ತನಾಳ ಎಲ್ಲ ಕಾಣ್ತಾ ಇದೆಯಲ್ಲೇ! ಈ ಬಿಳಿ ಮಚ್ಚೆ ಏನು?

– ಎಲ್ಲೋ ಮುಳ್ಳಿಗೆ ಸಿಕ್ಕು ಹರಿದು ಕೂಡಿಕೊಂಡಿರೋ ಗಾಯ. ರೆಕ್ಕೆಯ ಚರ್ಮ ಬೇಗ ಕೂಡುತ್ತೆ. ಈಗ ಇಲ್ಲಿ ನೋಡಿ, ಇದು ಮೊಣಕೈ. ಇಲ್ಲಿಂದ ಮಣಿಕಟ್ಟಿನ ತನಕ ಮುಂದೋಳು. ಬಾವಲಿ ಕೈಗೆ ಸಿಕ್ಕಿದರೆ ಮೊದಲು ಕ್ಯಾಲಿಪರ್ ಇಟ್ಟು ಅಳೆಯೋದು ಇದನ್ನೇ, ಈ ಜಾತಿಗೆ 7 ಸೆಂಟಿಮೀಟರ್ ಆಸುಪಾಸು ಬರುತ್ತೆ. ಮಣಿಕಟ್ಟಿನ ಮೇಲೆ ಮೋಟಾಗಿ, ಚರ್ಮದಿಂದ ಬಿಡಿಸಿಕೊಂಡು ನಿಂತಿರೋದು ಹೆಬ್ಬೆರಳು. ಪಕ್ಕದ್ದು ಎರಡನೇ ಬೆರಳು, ತುದಿಯಲ್ಲಿ ಚೂರೇ ಚೂರು ಉಗುರು ಕಾಣ್ತಿದೆ ನೋಡಿ. ರೆಕ್ಕೆಯ ತುದಿ ತನಕ ಹೋಗಿರೋದು ಮೂರನೇ ಬೆರಳು. ನಾಲ್ಕು, ಐದು ಇಲ್ಲಿ ಕೆಳಗೆ ಬಂದು ಚರ್ಮವನ್ನ ಬಿಗಿಯಾಗಿ ಹಿಡಿದಿವೆ. ಚರ್ಮ ಪಕ್ಕೆಗೆ, ಅಲ್ಲಿಂದ ಹಿಂಗಾಲಿಗೆ ಸೇರುತ್ತೆ.

– ನಮ್ಮ ಕೈಯೇ. ಬೆರಳು ಮಾತ್ರ ಅತಿಯಾಗಿ ಬೆಳೆದಿವೆ.

– ಅಷ್ಟೇ. ಹೊಟ್ಟೆಯೊಳಗಿನ ಮರಿಯನ್ನ ಮೊದಮೊದಲು ನೋಡಿದರೆ ಬಾವಲಿಯ ಬೆರಳೂ ಇಲಿಯ ಬೆರಳೂ ಹೆಚ್ಚುಕಮ್ಮಿ ಒಂದೇ ಅಳತೆ. ಆಮೇಲೆ ಬಾವಲಿಯ ಬೆರಳಿನ ಮೂಳೆ ಬೆಳೆಯೋ ಜಾಗದಲ್ಲಿ ಬಿಎಂಪಿ2 ಅನ್ನೋ ಪ್ರೋಟೀನು ಜಾಸ್ತಿ ಆಗುತ್ತೆ, ಬೆರಳು ಓಡೋಕೆ ಶುರು ಮಾಡುತ್ತೆ. ಇದನ್ನ ತೋರಿಸಿದ್ದು 2006ರಲ್ಲಿ. ಇನ್ನು ಬೆರಳ ಸಂದಿನ ಚರ್ಮ. ಅದು ನಮಗೂ ಇತ್ತು ಚಿಕ್ಕಪ್ಪ, ತಾಯಿ ಹೊಟ್ಟೆಯಲ್ಲಿದ್ದಾಗ. ಹುಟ್ಟೋದರೊಳಗೆ ಅಲ್ಲಿಯ ಕೋಶಗಳು ತಾವೇ ಸಾಯ್ತವೆ, ಬೆರಳು ಬಿಡಿಯಾಗ್ತವೆ. ಬಾವಲಿಯಲ್ಲಿ ಆ ಸಾವನ್ನ ಬೇರೆ ಎರಡು ಜೀನುಗಳ ಕೆಲಸ ತಡೆಯುತ್ತೆ, ಚರ್ಮ ಉಳಿದುಬಿಡುತ್ತೆ. ಅಂದರೆ ರೆಕ್ಕೆಗೆ ಅಂತ ಹೊಸ ಸಾಮಾನು ಏನೂ ಬಂದಿಲ್ಲ. ಇದ್ದದ್ದನ್ನೇ ಒಂದು ಕಡೆ ಹೆಚ್ಚು ಮಾಡಿ, ಇನ್ನೊಂದು ಕಡೆ ಸಾಯೋಕೆ ಬಿಡದೇ ಮಾಡಿದ್ದು. ಯಿನ್ ಯಾಂಗ್ ಎರಡು ಮನೆಯಲ್ಲೂ ರೆಕ್ಕೆ ಕಟ್ಟಿರೋ ಕ್ರಮ ಒಂದೇ, ಇಡೀ ಗಣ ಒಂದೇ ಮೂಲದ್ದು ಅಂತ ಡಿಎನ್‌ಎಯೂ ಹೇಳುತ್ತೆ. ಆ ಎರಡೂ ಒಟ್ಟಿಗೆ ಸಿಕ್ಕಾಗ ಧೈರ್ಯ ಬರುತ್ತೆ.

– ನೀನು ಎಲ್ಲಕ್ಕೂ ಕೊನೆಗೆ ಡಿಎನ್‌ಎ ತರ್ತೀಯ. ದಾಖಲೆ ಅಂದ ಮಾತ್ರಕ್ಕೆ ಎಲ್ಲ ಸತ್ಯ ಅಲ್ಲ ಮಗಳೇ. ಪಹಣಿಯಲ್ಲೇ ಹೆಸರು ಕೆರೆದು ಬೇರೆ ಬರೆದಿದ್ದನ್ನ ನೋಡಿದವನು ನಾನು. ಮೊಹರು ಸರಿ ಇತ್ತು, ಇಂಕು ಮಾತ್ರ ಬೇರೆ.

– ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ಬಾವಲಿ ದಾಖಲೆಯಲ್ಲೂ ಅಂಥದ್ದೊಂದು ಪುಟ ಸಿಕ್ಕಿತು. ಕಿವಿಯೊಳಗಿನ ಕೂದಲಕೋಶಗಳಲ್ಲಿ ಪ್ರೆಸ್ಟಿನ್ ಅನ್ನೋ ಪ್ರೋಟೀನು ಇದೆ, ಕೀರಲು ದನಿ ಕೇಳಿಸಿಕೊಳ್ಳೋಕೆ ಅದು ಬೇಕೇ ಬೇಕು. 2008ರಲ್ಲಿ ಆ ಒಂದು ಜೀನನ್ನ ಮಾತ್ರ ಇಟ್ಟುಕೊಂಡು ವಂಶವೃಕ್ಷ ಬರೆದರು. ಪ್ರತಿಧ್ವನಿ ಬಳಸೋ ಬಾವಲಿಗಳೆಲ್ಲ ಒಂದು ಕಡೆ, ಹಣ್ಣಿನ ಬಾವಲಿಗಳು ಇನ್ನೊಂದು ಕಡೆ ಬಂದವು.

– ಡಾಬ್ಸನ್ ಹೇಳಿದ ಹಾಗೆ!

– ಥೇಟ್ ಡಾಬ್ಸನ್ ಹೇಳಿದ ಹಾಗೆ. ಎರಡು ವರ್ಷ ಕಳೆದು ಅದೇ ಜೀನಿಗೆ ಡಾಲ್ಫಿನ್‌ನ ಜೀನನ್ನೂ ಸೇರಿಸಿದರು. ಡಾಲ್ಫಿನ್ನೂ ನೀರೊಳಗೆ ಪ್ರತಿಧ್ವನಿ ಬಳಸುತ್ತಲ್ಲ. ಅದು ಹಸುವಿನ ಪಕ್ಕ ಕೂರಬೇಕಾದದ್ದು, ಬಂದು ಬಾವಲಿಗಳ ನಡುವೆ ಕೂತಿತು.

– ಸಮುದ್ರದ ಪ್ರಾಣಿ ಬಾವಲಿಗೆ ನೆಂಟನಾ!

– ಆಗ ಎಲ್ಲರಿಗೂ ಖಾತ್ರಿ ಆಯ್ತು, ಜೀನೂ ಕಸುಬಿಗೆ ಬಾಗುತ್ತೆ ಅಂತ. ಒಂದೇ ಕೆಲಸ ಮಾಡಬೇಕಾದಾಗ ಪ್ರೋಟೀನಿನ ಅವವೇ ಜಾಗಗಳಲ್ಲಿ ಅವವೇ ಬದಲಾವಣೆ ಬೇರೆ ಬೇರೆ ಪ್ರಾಣಿಗಳಲ್ಲಿ ಆಗಬಹುದು. ಅದಕ್ಕೇ ಒಂದು ಪುಟ ನೋಡಿ ಯಾರೂ ತೀರ್ಪು ಕೊಡಲ್ಲ. ಕಿವಿಗೂ ಕಣ್ಣಿಗೂ ಸಂಬಂಧ ಇಲ್ಲದ ಸಾವಿರಾರು ಜೀನು ನೋಡ್ತಾರೆ. ಅವೆಲ್ಲ ಸೇರಿ ಹೇಳೋದು ಯಿನ್, ಯಾಂಗ್ ಅಂತಲೇ.

– ಇಷ್ಟೆಲ್ಲ ಆದರೂ ಒಂದು ಕೊಂಡಿ ಸೇರ್ತಾ ಇಲ್ಲ ನನಗೆ. ಎಲೆಮೂಗಿನದು ಕೂಗಿ ದಾರಿ ಕಾಣುತ್ತೆ, ಅದರ ನೆಂಟ ದೊಡ್ಡ ಬಾವಲಿ ಕೂಗಲ್ಲ. ಆಚೆ ಮನೆಯ ಪಿಪಿಸ್ಟ್ರೆಲ್ ಕೂಗುತ್ತೆ. ಹಾಗಾದರೆ ಆ ವಿದ್ಯೆ ಮೂಲಪುರುಷನಿಗೇ ಇತ್ತಾ, ಆಮೇಲೆ ಎರಡೂ ಮನೆ ಬೇರೆ ಬೇರೆ ಕಲಿತವಾ?

– ಈ ಕ್ಷೇತ್ರದಲ್ಲಿ ಇವತ್ತಿಗೂ ಜಗಳ ನಡೀತಿರೋದು ಇದೇ ಪ್ರಶ್ನೆಗೆ. ಮೂಲದಲ್ಲೇ ಇತ್ತು, ಹಣ್ಣಿನ ಬಾವಲಿ ಕಳಕೊಂಡಿತು ಅನ್ನೋದು ಒಂದು ಪಕ್ಷ. ಎರಡು ಸಲ ಹುಟ್ಟಿತು ಅನ್ನೋದು ಇನ್ನೊಂದು. ಹಣ್ಣಿನ ಬಾವಲಿಗಳಲ್ಲಿ ರೂಸೆಟ್ಟಸ್ ಅಂತ ಒಂದಿದೆ, ಗುಹೆಯಲ್ಲಿ ಇರುತ್ತೆ, ನಮ್ಮಲ್ಲೂ ಇದೆ. ಅದು ಪ್ರತಿಧ್ವನಿ ಬಳಸುತ್ತೆ, ಆದರೆ ಗಂಟಲಿನಿಂದ ಅಲ್ಲ, ನಾಲಿಗೆಯಲ್ಲಿ ಟಕ್ ಟಕ್ ಅನ್ನಿಸಿ. ಕಳೆದುಹೋದ ವಿದ್ಯೆಯನ್ನ ಬೇರೆ ದಾರಿಯಲ್ಲಿ ಮತ್ತೆ ಕಲಿತದ್ದು ಅಂತ ಒಬ್ಬರು, ಹೊಸದಾಗೇ ಕಲಿತದ್ದು ಅಂತ ಇನ್ನೊಬ್ಬರು.

– ಹಳೇ ಮೂಳೆ ಪಾಳೆ ಸಿಕ್ಕಿಲ್ವಾ?

– ಸಿಕ್ಕಿದೆ. ಅಮೆರಿಕದ ವಯೋಮಿಂಗ್‌ನಲ್ಲಿ 5 ಕೋಟಿ 25 ಲಕ್ಷ ವರ್ಷ ಹಳೇ ಕಲ್ಲಿನಲ್ಲಿ. ಒನಿಕೊನಿಕ್ಟೆರಿಸ್ ಅಂತ ಹೆಸರಿಟ್ಟು 2008ರಲ್ಲಿ ನ್ಯಾನ್ಸಿ ಸಿಮನ್ಸ್ ಮತ್ತಿತರರು ಪ್ರಕಟಿಸಿದರು. ಐದು ಬೆರಳಿಗೂ ಉಗುರು ಇದೆ. ಮುಂದೋಳು ಈಗಿನವಕ್ಕಿಂತ ಗಿಡ್ಡ, ಹಿಂಗಾಲು ಉದ್ದ. ಹಾರ್ತಿತ್ತು ಅನ್ನೋದರಲ್ಲಿ ಅನುಮಾನ ಇಲ್ಲ, ಕೊಂಬೆ ಹಿಡಿದು ಹತ್ತೋದೂ ಅದಕ್ಕೆ ಬರ್ತಿತ್ತು. ಒಳಕಿವಿಯ ಬಸವನಹುಳು ಆಕಾರದ ಸುರುಳಿ ಮಾತ್ರ ಕೂಗೋ ಬಾವಲಿಗಳದ್ದಕ್ಕಿಂತ ಚಿಕ್ಕದು. ಹಾಗಾಗಿ ಹಾರೋದು ಮೊದಲು ಬಂತು, ಕೂಗಿ ದಾರಿ ಕಾಣೋದು ಆಮೇಲೆ ಅಂದರು.

– ಅಲ್ಲಿಗೆ ಮುಗೀತಲ್ಲ.

– ಎಲ್ಲಿ ಮುಗೀತು? 2010ರಲ್ಲಿ ಇನ್ನೊಂದು ತಂಡ ಬಂತು. ಗಂಟಲಿನಿಂದ ಕೂಗೋ ಬಾವಲಿಗಳಲ್ಲಿ ಗಂಟಲ ಕಡೆಯ ಒಂದು ಸಣ್ಣ ಮೂಳೆ ಕಿವಿಯ ಮೂಳೆಗೆ ತಾಗಿರುತ್ತೆ, ಈ ಕಲ್ಲಿನ ಬಾವಲಿಯಲ್ಲೂ ತಾಗಿದೆ, ಹಾಗಾಗಿ ಕೂಗ್ತಿದ್ದಿರಬಹುದು ಅಂತ ಬರೆದರು. ಸಿಮನ್ಸ್ ಕಡೆಯವರು ಬಿಡಲಿಲ್ಲ. ಪಳೆಯುಳಿಕೆ ಚಪ್ಪಟೆಯಾಗಿ ಒತ್ತಿಹೋಗಿದೆ, ಮೂಳೆ ತಾಗಿದ್ದು ಬದುಕಿದ್ದಾಗಲೋ ಕಲ್ಲಿನಡಿ ಸಿಕ್ಕ ಮೇಲೋ ಅಂತ ಕೇಳಿದರು. ಆಮೇಲೆ ಹೊಟ್ಟೆಯೊಳಗಿನ ಮರಿಗಳ ಕಿವಿ ಬೆಳೆಯೋ ರೀತಿ ನೋಡಿದರು. 2017ರಲ್ಲಿ ಒಂದು ತಂಡ, ಹಣ್ಣಿನ ಬಾವಲಿಯ ಮರಿಯಲ್ಲಿ ಆ ವಿದ್ಯೆಯ ಕುರುಹು ಉಳಿದಿದೆ, ಒಂದೇ ಸಲ ಹುಟ್ಟಿದ್ದು ಅಂದಿತು. 2021ರಲ್ಲಿ ಇನ್ನೊಂದು ತಂಡ ಅಂಥದೇ ಮರಿಗಳನ್ನ ನೋಡಿ, ಇಲ್ಲ, ಎರಡು ಮನೆಯಲ್ಲೂ ಬೇರೆ ಬೇರೆಯಾಗಿ ಬೆಳೆಯುತ್ತೆ, ಎರಡು ಸಲ ಹುಟ್ಟಿದ್ದು ಅಂದಿತು. ಮಾರನೇ ವರ್ಷ ಮತ್ತೊಬ್ಬರು ಒಳಕಿವಿಯ ನರ ಹಾಯೋ ಮೂಳೆಯ ಕಾಲುವೆ ಯಿನ್‌ನಲ್ಲಿ ಒಂದು ಥರ, ಯಾಂಗ್‌ನಲ್ಲಿ ಇನ್ನೊಂದು ಥರ ಇರೋದನ್ನ ತೋರಿಸಿದರು.

– ನೀನು ಯಾವ ಪಕ್ಷ?

– ಬೆಟ್ ಕಟ್ಟು ಅಂದರೆ ಎರಡು ಸಲ ಅಂತ ಕಟ್ತೀನಿ. ಆ ಕಿವಿಯ ಕಾಲುವೆ ನನಗೆ ದೊಡ್ಡ ಸಾಕ್ಷಿ ಅನ್ನಿಸುತ್ತೆ. ನಮ್ಮ ಗೈಡ್ ಒಪ್ಪಲ್ಲ.

– ಕವಲು ಗಿವಲು ಇರಲಿ. ಕೊನೆಗೆ ಇದು ಈ ಜಾತಿ, ಅದು ಆ ಜಾತಿ ಅಂತ ಚೀಟಿ ಅಂಟಿಸ್ತೀರಲ್ಲ, ಅದರಲ್ಲೂ ಇಷ್ಟೇ ತಕರಾರಾ?

– ಅದರಲ್ಲಿ ಇನ್ನೂ ಹೆಚ್ಚು. ಜಗತ್ತಿನಲ್ಲಿ 1,400ಕ್ಕೂ ಹೆಚ್ಚು ಪ್ರಭೇದ ಇವೆ, ಸಸ್ತನಿಗಳಲ್ಲಿ ಐದಕ್ಕೆ ಒಂದು ಬಾವಲಿ. ಪಟ್ಟಿ ಬೆಳೀತಲೇ ಇದೆ, ಬೆಳೆಯೋದು ಕಾಡಿನಿಂದ ಮಾತ್ರ ಅಲ್ಲ, ಮ್ಯೂಸಿಯಂ ಡ್ರಾಯರಿನಿಂದಲೂ. 1948ರಲ್ಲಿ ಆಂಗಸ್ ಹಟ್ಟನ್ ಅನ್ನೋ ಎಸ್ಟೇಟಿನ ಮನುಷ್ಯ ತಮಿಳುನಾಡಿನ ಹೈವೇವಿ ಬೆಟ್ಟದಲ್ಲಿ, ಈಗ ಮೇಘಮಲೈ ಅಂತಾರಲ್ಲ ಅಲ್ಲಿ, ಒಂದು ಹಣ್ಣಿನ ಬಾವಲಿ ಹಿಡಿದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದ. ಅವರು ಗಿಡ್ಡಮೂತಿ ಬಾವಲಿ ಅಂತ ಚೀಟಿ ಕಟ್ಟಿ ಒಳಗಿಟ್ಟರು. ನಿಮಗೆ ಈಗ ಫೋಟೊ ತೋರಿಸಿದೆನಲ್ಲ, ಆ ಜಾತಿ. ಊರೂರಲ್ಲೂ ಸಿಗೋದು, ಮತ್ತೆ ಯಾರು ನೋಡ್ತಾರೆ? ಇಪ್ಪತ್ತು ವರ್ಷ ದಾಟಿದ ಮೇಲೆ ಥಾಯ್ಲೆಂಡಿನ ಕಿಟ್ಟಿ ತೋಂಗ್‌ಲೋಂಗ್ಯಾ ಆ ಡ್ರಾಯರು ಎಳೆದು ಹಲ್ಲು ನೋಡಿದ. ಗಿಡ್ಡಮೂತಿಯದಕ್ಕೆ ಮೇಲೆ ಎರಡು ಜೊತೆ, ಕೆಳಗೆ ಎರಡು ಜೊತೆ ಬಾಚಿಹಲ್ಲು ಇರಬೇಕು. ಇದಕ್ಕೆ ಮೇಲೊಂದು ಜೊತೆ, ಕೆಳಗೊಂದು ಜೊತೆ. ಬಾಲವೂ ಇಲ್ಲ. ಹೊಸ ಪ್ರಭೇದ ಅಷ್ಟೇ ಅಲ್ಲ, ಹೊಸ ಕುಲವೇ. 1972ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಹೆಸರು ಸೇರಿಸಿ ಲಾಟಿಡೆನ್ಸ್ ಸಲೀಮಲಿ ಅಂತ ಕರೆದ. ಆ 2 ಗ್ರಾಂ ಬಾವಲಿ ಹೇಳಿದೆನಲ್ಲ, ಅದನ್ನ ಹುಡುಕಿದವನೂ ಇವನೇ. ಅದಕ್ಕೆ ಹೆಸರಿಡೋ ಹೊತ್ತಿಗೆ ಇವನೇ ತೀರಿಕೊಂಡಿದ್ದ, 1974ರಲ್ಲಿ ಬೇರೆಯವರು ಇವನ ಹೆಸರನ್ನೇ ಇಟ್ಟರು.

– ಹಲ್ಲು ನೋಡಿ ಕಂಡುಹಿಡಿದ ಅಂದೆ. ಇಷ್ಟು ಹೊತ್ತು ಮೈ ನಂಬಬೇಡಿ ಅಂತಿದ್ದವಳು ನೀನೇ.

– ಇದು ಬೇರೆ ಅದು ಬೇರೆ ಅಂತ ಹೇಳೋಕೆ ಹಲ್ಲು ಸಾಕು. ಇದಕ್ಕೆ ಅದು ಅಣ್ಣನೋ ಅಲ್ಲವೋ ಅಂತ ಹೇಳೋಕೆ ಸಾಲದು. ಕೆಲವು ಸಲ ಬೇರೆ ಅನ್ನೋಕೂ ಮೈ ಸಾಲದು. ಇಂಗ್ಲೆಂಡಿನಲ್ಲಿ ತೀರಾ ಸಾಮಾನ್ಯವಾದ ಪಿಪಿಸ್ಟ್ರೆಲ್ ಒಂದಿತ್ತು, ಎಲ್ಲರೂ ನೋಡಿದ್ದೇ. 1990ರ ದಶಕದಲ್ಲಿ ಕೂಗು ರೆಕಾರ್ಡ್ ಮಾಡಿದರೆ ಕೆಲವು 45 ಕಿಲೋಹರ್ಟ್ಸ್ ಆಸುಪಾಸು ಕೂಗ್ತವೆ, ಕೆಲವು 55. ಡಿಎನ್‌ಎ ನೋಡಿದರೆ ಎರಡು ಪ್ರಭೇದ.

– ನಮ್ಮ ಕಡೆ ಹಾಗೆ ಯಾವುದೂ ಸಿಕ್ಕಿಲ್ವಾ?

– ಕೂಗಿನ ಮಾತು ಬಿಡಿ, ನಮ್ಮ ರಾಜ್ಯದಲ್ಲೇ ಮೊದಲು ಸಿಕ್ಕವು ಇವೆ. ಖಾನಾಪುರದ ಆಚೆ ತಳೇವಾಡಿ ಹತ್ತಿರದ ಬಾರಾಪೇಡೆ ಗುಹೆಯಿಂದ 1912ರಲ್ಲಿ ತಂದ ಬಾವಲಿ ರಾಟನ್‌ನ ಬಿಡಿಬಾಲದ ಬಾವಲಿ. ದೊಡ್ಡ ಕಿವಿ, ರೆಕ್ಕೆ ಚರ್ಮ ದಾಟಿ ಹೊರಗೆ ಚಾಚಿದ ಬಾಲ. ತುಂಬಾ ವರ್ಷ ಜಗತ್ತಿನಲ್ಲಿ ಆ ಒಂದೇ ಜಾಗದಲ್ಲಿ ಇರೋದು ಅಂತ ತಿಳಿದಿದ್ದರು. ಆಮೇಲೆ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಸಿಕ್ಕಿತು. ಈಗ ಆ ಗುಹೆ ಭೀಮಗಡ ಅಭಯಾರಣ್ಯದೊಳಗಿದೆ. ಇನ್ನೊಂದು ಕೋಲಾರದ್ದು. ಅಲ್ಲಿಯ ಬಂಡೆಗುಡ್ಡದ ಗುಹೆಯಲ್ಲಿ ಸಿಕ್ಕ ಎಲೆಮೂಗಿನ ಬಾವಲಿಯನ್ನ 1994ರಲ್ಲಿ ಕಾಕ್ ಮತ್ತು ಭಟ್ ಹೊಸ ಪ್ರಭೇದ ಅಂತ ಬರೆದರು. ಅದೇ ಗುಹೆಯಲ್ಲಿ ಅದರ ಹತ್ತಿರದ ನೆಂಟರೂ ನೇತಾಡ್ತಿರ್ತವೆ, ದೂರದಿಂದ ಎಲ್ಲ ಒಂದೇ ಥರ.

– ಬೇರೆ ಅಂತ ಬರೆದದ್ದರಿಂದ ಆ ಬಾವಲಿಗೆ ಏನು ಸಿಕ್ಕಿತು? ಪೇಪರಿನಲ್ಲಿ ನಿಮಗೊಂದು ಹೆಸರು, ಅಷ್ಟೇ ತಾನೆ?

– ಕಾನೂನು ನೋಡಿ. 1972ರ ವನ್ಯಜೀವಿ ಕಾಯ್ದೆ ಹಣ್ಣಿನ ಬಾವಲಿಗಳನ್ನ ಕಾಗೆ, ಇಲಿ ಜೊತೆಗೆ ಉಪದ್ರವಿಗಳ ಪಟ್ಟಿಗೆ ಹಾಕಿತ್ತು. ಕೊಂದರೂ ಕೇಳೋರಿಲ್ಲ. ಆ ಪಟ್ಟಿ ಹೋಗಿದ್ದು 2022ರ ತಿದ್ದುಪಡಿಯಲ್ಲಿ. ಅಷ್ಟು ವರ್ಷ ಒಂದನೇ ಷೆಡ್ಯೂಲಿನಲ್ಲಿ ಜಾಗ ಸಿಕ್ಕಿದ್ದು ಎರಡೇ ಬಾವಲಿಗೆ, ಸಲೀಂ ಅಲಿ ಹೆಸರಿನದಕ್ಕೆ ಮತ್ತು ರಾಟನ್‌ನದಕ್ಕೆ. ಕಿಟ್ಟಿ ಆ ಡ್ರಾಯರು ಎಳೆಯದೇ ಇದ್ದಿದ್ದರೆ ಮೇಘಮಲೈ ಬಾವಲಿಯೂ ಗಿಡ್ಡಮೂತಿ ಅಂತಲೇ ಉಪದ್ರವಿ ಪಟ್ಟಿಯಲ್ಲಿ ಇರ್ತಿತ್ತು.

– ಹಾಗಾದರೆ ಕೋಲಾರದ್ದು?

– ಅದಕ್ಕೆ ಕಷ್ಟ ಬಂದಿದ್ದು ಕಲ್ಲು ಕ್ವಾರಿಯಿಂದ. ಅದು ಬಾಳೋದು ಗ್ರಾನೈಟ್ ಗುಡ್ಡದ ಸೀಳಿನೊಳಗೆ, ಗ್ರಾನೈಟ್ ಬೇಕಾದವರು ಎಲ್ಲ ಕಡೆ ಇದ್ದಾರೆ. ಬೇರೆಲ್ಲೂ ಇಲ್ಲದ ಪ್ರಭೇದ ಅಂತ ಕಾಗದದಲ್ಲಿ ಇದ್ದದ್ದರಿಂದಲೇ ಜನ ಅದರ ಪರವಾಗಿ ಓಡಾಡೋಕಾಯ್ತು, ಅರಣ್ಯ ಇಲಾಖೆಯೂ ಬಂತು. ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಅದೀಗ ಅಳಿವಿನ ತೀರಾ ಅಂಚಿನಲ್ಲಿದೆ. ಮೊದಲು ಎರಡು ಕಡೆ ಇತ್ತು, ಹನುಮನಹಳ್ಳಿ ಮತ್ತು ತೇರಹಳ್ಳಿ. ತೇರಹಳ್ಳಿಯಲ್ಲಿ ಈಗ ಇಲ್ಲ. ಹನುಮನಹಳ್ಳಿಯ ಗುಹೆಯಲ್ಲಿ ಇರೋದು ಇನ್ನೂರರೊಳಗೆ. ಎಲೆಮೂಗಿನ ಬಾವಲಿಗಳಲ್ಲಿ ಹೆಣ್ಣು ಸಾಮಾನ್ಯವಾಗಿ ಒಂದು ಬಸಿರಿಗೆ ಒಂದೇ ಮರಿ ಹಾಕುತ್ತೆ. ಇನ್ನೂರು ನಾನ್ನೂರಾಗೋಕೆ ಎಷ್ಟು ವರ್ಷ ಬೇಕು ಅಂತ ನೀವೇ ಲೆಕ್ಕ ಹಾಕಿ, ಸುಮಾರು ಅರ್ಧದಷ್ಟು ಗಂಡು ಅನ್ನೋದನ್ನೂ ಸೇರಿಸಿಕೊಂಡು.